ಸಾಕ್ಷಿ ತುಂಡು

ಅಪ್ಪಾ,

ನಾನು ಇಲ್ಲಿ ಕ್ಷೇಮ. ನೀನು ಅಲ್ಲಿ ಕ್ಷೇಮವಾಗಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿರುವುದರಿಂದ, ಪತ್ರದ ಎರಡನೆಯ ಸಾಲಿನ ಶಾಸ್ತ್ರವನ್ನು ಬಿಟ್ಟಿದ್ದೇನೆ. ಫೋನಿನಲ್ಲಿ ಮೂರು ಸಲ ಹೇಳಿ ನೋಡಿದೆ. ಮೊದಲ ಸಲ ನೀನು ನಕ್ಕೆ. ಎರಡನೆಯ ಸಲ ಫೋನನ್ನು ಅಮ್ಮನ ಕೈಗೆ ಕೊಟ್ಟು ಎದ್ದು ಹೋದೆ. ಮೂರನೆಯ ಸಲ, ಮೊನ್ನೆ ಭಾನುವಾರ, "ನಿನ್ನ ಹತ್ರ ವಾದ ಮಾಡೋಕೆ ನಂಗೆ ಉಸಿರಿಲ್ಲ" ಎಂದು ಇಟ್ಟುಬಿಟ್ಟೆ. ನೀನು ಅದನ್ನು ಮಾತಿಗೆ ಹೇಳಿದ್ದು. ಆದರೆ ನಿಜವಾಗಿಯೂ ನಿನಗೆ ಉಸಿರಿಲ್ಲ ಅಪ್ಪ. ಸಂಜೆ ಹೊತ್ತಿಗೆ ಪಾದ ಒತ್ತಿದರೆ ಬೆರಳಿನ ಗುಳಿ ಹಾಗೇ ನಿಂತಿರುತ್ತದಂತೆ. ಎರಡು ದಿಂಬು ಇಲ್ಲದೆ ಮಲಗಲಾಗುವುದಿಲ್ಲವಂತೆ. ಮಹಡಿಯ ಕೋಣೆಗೆ ಹತ್ತುವಾಗ ಆರನೇ ಮೆಟ್ಟಿಲಿನ ಮೇಲೆ ಕೂತು, ಅಮ್ಮ ನೋಡಿದರೆ ಚಪ್ಪಲಿ ಸರಿ ಮಾಡಿಕೊಳ್ಳುವ ನಾಟಕ ಆಡುತ್ತೀಯಂತೆ. ಮಹಡಿ ಹತ್ತಲು ಚಪ್ಪಲಿ ಯಾರು ಹಾಕುತ್ತಾರೆ?

ಹೃದಯದ ಡಾಕ್ಟರು ಕೊಟ್ಟ ಮೂರೂ ಮಾತ್ರೆಗಳನ್ನು ನೀನು ನಿಲ್ಲಿಸಿ ಎರಡೂವರೆ ತಿಂಗಳಾಯಿತು. ಅದು ಅಮ್ಮನಿಗೆ ಗೊತ್ತಾದದ್ದು ಹೋದ ತಿಂಗಳು, ನೀನು ಬಟ್ಟೆಗೆ ಬಣ್ಣ ಹಾಕುತ್ತಿದ್ದ ಕಾಲದ ಮಾದರಿ ಪಟ್ಟಿಗಳ ಡಬ್ಬಿಯನ್ನು ಒರೆಸಲು ತೆಗೆದಾಗ. ಒಡೆಯದ ಸ್ಟ್ರಿಪ್ಪುಗಳೆಲ್ಲ ಅಲ್ಲಿದ್ದವು. ಬಚ್ಚಿಡುವುದರಲ್ಲೂ ನಿನಗೆ ಅಚ್ಚುಕಟ್ಟು, ಬಿಳಿ ಮಾತ್ರೆ ಒಂದು ಕಡೆ, ಗುಲಾಬಿ ಒಂದು ಕಡೆ. ಅಮ್ಮ ನನಗೆ ಫೋನ್ ಮಾಡಿ, "ನಿಮ್ಮಪ್ಪಂಗೆ ನಾನು ಹೇಳಿದ್ರೆ ಗೋಡೆಗೆ ಹೇಳಿದ ಹಾಗೆ. ನೀನೇ ಹೇಳು. ಅವರು ಕುಡೀತಿರೋದು ನಿನ್ನ ಔಷಧಿ ತಾನೆ" ಅಂದಳು. ನನ್ನ ಔಷಧಿ. ಆ ಮಾತು ಕೇಳಿದ ಮೇಲೆ ನಾನು ನೆಟ್ಟಗೆ ಊಟ ಮಾಡಿಲ್ಲ.

ಈರುಳ್ಳಿ ಸಿಪ್ಪೆಯ ಹಳದಿ ನಿನ್ನ ಹೃದಯವನ್ನು ಕಾಯುತ್ತದೆ ಎಂದು ನಾನು ಬರೆದದ್ದು ತಪ್ಪು ಅಪ್ಪ. ನನ್ನ ಪ್ರಯೋಗ ತಪ್ಪು. ಇದನ್ನೇ ಫೋನಿನಲ್ಲಿ ಹೇಳಿದಾಗ ನೀನು, "ಮೊದಲನೇ ಸಲ ಸರಿಯಾಗೇ ಕಂಡುಹಿಡಿದಿದ್ದೆ. ಈಗ ಯಾರೋ ನಿನ್ನ ಹೆದರಿಸಿದಾರೆ" ಅಂದೆ. ಮಾತ್ರೆ ಮಾಡುವ ಕಂಪನಿಯವರು, ಅಸೂಯೆ ಪಡುವ ಸಹೋದ್ಯೋಗಿಗಳು, ಇನ್ನೂ ಯಾರು ಯಾರನ್ನೋ ಎಳೆದು ತಂದೆ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅದೇ ಮಗಳು, ಅದೇ ಮೇಜು, ಅದೇ ಕೈ. ಇದೆ ಎಂದಾಗ ನನ್ನ ಮಾತು ವೇದವಾಕ್ಯ, ಇಲ್ಲ ಎಂದಾಗ ಪುಕ್ಕಲಿಯ ಮಾತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಬಹಳ ನೋಡಿದ್ದೇನೆ. ನೀನು ಮಗಳು ಹಿಡಿದ ಮೊಲಕ್ಕೂ ಮೂರೇ ಕಾಲು ಅನ್ನುತ್ತಿದ್ದೀಯ, ಮಗಳೇ ಬಂದು ನಾಲ್ಕನೇ ಕಾಲು ತೋರಿಸಿದರೂ.

ಕೋಪ ಮಾಡಿಕೊಳ್ಳದೆ ಬರೆಯಬೇಕು ಎಂದುಕೊಂಡೇ ಕೂತದ್ದು. ಆಗುತ್ತಿಲ್ಲ. ಸ್ವಲ್ಪ ಹಿಂದಕ್ಕೆ ಹೋಗಿ ಹೇಳುತ್ತೇನೆ, ನೀನಾದರೂ ಎದ್ದು ಹೋಗದೆ ಓದು.

ನಮ್ಮ ಬಣ್ಣದ ಅಂಗಳದಲ್ಲಿ ಹಿಂದಿನ ಗೋಡೆಗೆ ಒತ್ತಿ ನಿಂತಿದ್ದ ನಾಲ್ಕು ಹಂಡೆಗಳು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿವೆ. ಮೂರನೆಯದು ಹಳದಿಯ ಹಂಡೆ. ತರಕಾರಿ ಮಂಡಿಯಿಂದ ಗೋಣಿಚೀಲಗಳಲ್ಲಿ ಈರುಳ್ಳಿ ಸಿಪ್ಪೆ ತರುತ್ತಿದ್ದೆ. ಮಂಡಿಯವರು ಕಸ ಹೊತ್ತುಕೊಂಡು ಹೋಗುವ ಹುಚ್ಚ ಎಂದು ನಗುತ್ತಿದ್ದರು. ಸಿಪ್ಪೆ ಕುದಿಸಿ, ಸೋಸಿ, ಪಟಿಕದಲ್ಲಿ ನೆನೆಸಿದ ಬಟ್ಟೆಯನ್ನು ಅದರಲ್ಲಿ ಅದ್ದಿ ತೆಗೆದರೆ ಅದು ಬಂಗಾರದ ಹಳದಿಯಾಗಿ ಮೇಲೆ ಬರುತ್ತಿತ್ತು. ಹಳದಿಯಲ್ಲಿ ಏಳು ಬಗೆ ನಿನಗೆ ಗೊತ್ತಿತ್ತು. ಯಾವ ಬಟ್ಟೆ ಯಾವ ದಿನದ ಹಂಡೆಯದು ಎಂದು ಉತ್ತರದ ಕಿಟಕಿಯ ಬೆಳಕಿಗೆ ಹಿಡಿದು ಹೇಳುತ್ತಿದ್ದೆ. ಅಮ್ಮ ಎಷ್ಟೋ ಸಲ ಪರೀಕ್ಷೆ ಮಾಡಿದಳು, ಒಂದು ದಿನವೂ ನೀನು ತಪ್ಪಲಿಲ್ಲ.

ಇನ್ನೊಂದು ಕ್ರಮ ಇತ್ತು, ಅದನ್ನು ನೀನು ಮರೆತಿರಲಾರೆ. ಹೊಸ ಸಿಪ್ಪೆ ಹಾಕುವ ಮುಂಚೆ, ತೊಳೆದ ಹಂಡೆಯಲ್ಲಿ ಬರೀ ನೀರು, ಪಟಿಕ ಹಾಕಿ ಕುದಿಸಿ, ಅದರಲ್ಲಿ ಅಂಗೈಯಗಲದ ಒಂದು ಕೋರಾ ಬಟ್ಟೆ ಅದ್ದಿ ತೆಗೆಯುತ್ತಿದ್ದೆ. ಅದಕ್ಕೆ ಸಾಕ್ಷಿ ತುಂಡು ಎಂದು ನೀನೇ ಹೆಸರಿಟ್ಟಿದ್ದೆ. ಅದು ಬೆಳ್ಳಗೇ ಬಂದರೆ ಮಾತ್ರ ಕೆಲಸ ಶುರು. ಒಂದಿಷ್ಟು ಮಬ್ಬಾಗಿ ಬಂದರೂ ಹಂಡೆಯನ್ನು ಮತ್ತೆ ಉಜ್ಜಿಸುತ್ತಿದ್ದೆ. ಸೌದೆ ದಂಡ, ಹೊತ್ತು ದಂಡ ಎಂದು ನಾನು ತಕರಾರು ಮಾಡಿದ್ದಕ್ಕೆ ನೀನು ಹೇಳಿದ ಮಾತು, "ಹಂಡೆನೂ ಸುಳ್ಳು ಹೇಳುತ್ತೆ ಕಣೇ. ಮೊದಲು ಹಂಡೆನ ಕೇಳು, ಆಮೇಲೆ ಸಿಪ್ಪೆನ ಕೇಳು." ಎಲ್ಲದಕ್ಕೂ ತಕರಾರು ತೆಗೆಯುತ್ತಿದ್ದೆ ಎಂದೇ ನನಗೆ ಚೌಕಾಸಿ ಎಂದು ಹೆಸರು ಬಿದ್ದದ್ದು. ಮನೆಯಲ್ಲಿ ನನ್ನ ನಿಜವಾದ ಹೆಸರಿಗೆ ನಾನೇ ಓಗೊಡುತ್ತಿರಲಿಲ್ಲ.

ಆಮೇಲೆ ಡಬ್ಬಿಯ ಬಣ್ಣ ಬಂತು. ಅಂಗಡಿಯವರು ನಿನ್ನ ಹಳದಿ ಒಗೆತಕ್ಕೆ ಸ್ವಲ್ಪ ಮಂಕಾಗುತ್ತದೆ ಎಂದು ಮುಖ ತಿರುಗಿಸಿದರು. ಹಂಡೆಗಳು ಒಂದೊಂದಾಗಿ ಹೋದವು. ಮೂರನೆಯ ಹಂಡೆ ಹೋದ ದಿನ ನೀನು ಊಟಕ್ಕೆ ಕೆಳಗೆ ಇಳಿದು ಬರಲಿಲ್ಲ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದೆ, ಸಮಾಧಾನ ಹೇಳುವಷ್ಟು ಬುದ್ಧಿ ಇರಲಿಲ್ಲ. ಅದೇ ವರ್ಷ ಪಾಠದಲ್ಲಿ ಓದಿದೆ, ಈರುಳ್ಳಿ ಸಿಪ್ಪೆಯ ಹಳದಿ ಫ್ಲೇವೊನಾಯ್ಡ್ ಎಂಬ ಜಾತಿಗೆ ಸೇರಿದ್ದು, ಗಿಡಗಳು ತಮ್ಮನ್ನು ಬಿಸಿಲಿನಿಂದ, ರೋಗದಿಂದ ಕಾಪಾಡಿಕೊಳ್ಳಲು ಮಾಡಿಕೊಳ್ಳುವ ವಸ್ತು, ಅದರಿಂದ ಮನುಷ್ಯರಿಗೂ ಉಪಯೋಗ ಇರಬಹುದೇ ಎಂದು ಎಷ್ಟೋ ಜನ ಹುಡುಕುತ್ತಿದ್ದಾರೆ ಎಂದು. ಅವತ್ತೇ ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿದೆ. ಬಟ್ಟೆಯವರಿಗೆ ಬೇಡವಾದ ಅಪ್ಪನ ಹಳದಿಯನ್ನು ಆಸ್ಪತ್ರೆಯವರು ಕೇಳಿಕೊಂಡು ಬರುವ ಹಾಗೆ ಮಾಡುತ್ತೇನೆ ಎಂದು. ಇದನ್ನು ನಿನಗೆ ಯಾವತ್ತೂ ಹೇಳಿಲ್ಲ.

ಹದಿನಾರು ವರ್ಷದ ಮೇಲೆ ಅದು ಆಯಿತು ಎಂದುಕೊಂಡೆ. ನಮ್ಮ ಲ್ಯಾಬಿನಲ್ಲಿ ಹೃದಯದ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸುತ್ತೇವೆ. ಅಂಗೈಯಷ್ಟು ತಟ್ಟೆ, ಅದರಲ್ಲಿ ತೊಂಬತ್ತಾರು ಪುಟ್ಟ ಗುಳಿ. ಕೋಶಗಳಿಗೆ ಒಂದು ವಿಷ ಹಾಕುತ್ತೇವೆ, ಕೆಲವು ಗುಳಿಗಳಿಗೆ ಸಿಪ್ಪೆಯಿಂದ ತೆಗೆದ ಹಳದಿ ಪುಡಿಯನ್ನೂ ಹಾಕುತ್ತೇವೆ. ಎಷ್ಟು ಕೋಶ ಬದುಕಿದವು ಎಂದು ತಿಳಿಯಲು ಕೊನೆಗೆ ಒಂದು ಬಣ್ಣದ ಪರೀಕ್ಷೆ. ಗುಳಿಗೆ ಹಾಕಿದ ಬಣ್ಣವನ್ನು ಜೀವಂತ ಕೋಶ ನೇರಳೆ ಮಾಡುತ್ತದೆ, ಸತ್ತದ್ದು ಮಾಡುವುದಿಲ್ಲ. ನೇರಳೆ ಹೆಚ್ಚಿದ್ದಷ್ಟೂ ಜೀವ ಹೆಚ್ಚು. ನಾನು ಪುಡಿ ಹಾಕಿದ ಗುಳಿಗಳೆಲ್ಲ ನೇರಳೆಯಾದವು. ನಾನು ಲ್ಯಾಬಿನಲ್ಲೇ ಕುರ್ಚಿಯಿಂದ ಎದ್ದು ಒಂದು ಸುತ್ತು ಹಾಕಿ ಬಂದು ಮತ್ತೆ ಕೂತೆ.

ತಟ್ಟೆಯ ಕೊನೆಯ ಸಾಲಿನ ಎಂಟು ಗುಳಿಗಳನ್ನು ನಾನು ಮೊದಲು ಬೇರೆಯದಕ್ಕೆ ಗುರುತು ಹಾಕಿದ್ದೆ. ಅಲ್ಲಿ ಕೋಶವೇ ಇಲ್ಲದೆ ಬರೀ ಪುಡಿ, ಬರೀ ಪರೀಕ್ಷೆಯ ಬಣ್ಣ ಇರಬೇಕಿತ್ತು. ಪುಡಿಯೇ ಸ್ವಂತವಾಗಿ ಬಣ್ಣ ತಿರುಗಿಸುತ್ತದೆಯೇ ಎಂದು ನೋಡುವುದಕ್ಕೆ. ನಮ್ಮ ಲ್ಯಾಬಿನ ಮುಖ್ಯಸ್ಥರು, ಎಲ್ಲರೂ ದೊಡ್ಡ ಸರ್ ಅನ್ನುವವರು, ಪುಡಿಯ ಇನ್ನೊಂದು ಪ್ರಮಾಣವನ್ನೂ ಸೇರಿಸಿದರೆ ಚೆನ್ನಾಗಿರುತ್ತದೆ ಎಂದರು. ಜಾಗ ಇರಲಿಲ್ಲ. ಕೊನೆಯ ಸಾಲನ್ನು ಬಿಟ್ಟುಕೊಟ್ಟವಳು ನಾನೇ, ಅವರು ಕೇಳಿರಲಿಲ್ಲ. ಮುಂದಿನ ತಟ್ಟೆಯಲ್ಲಿ ಹಾಕಿದರಾಯಿತು ಎಂದುಕೊಂಡೆ. ಮುಂದಿನ ತಟ್ಟೆ ಇನ್ನೂ ಚೆನ್ನಾಗಿ ಬಂತು, ಆಮೇಲಿನದು ಅದಕ್ಕಿಂತ ಚೆನ್ನಾಗಿ, ಆ ಸಾಲು ಮರೆತೇಹೋಯಿತು. ಬಣ್ಣಗಾರನ ಮಗಳು ಅಪ್ಪ ನಾನು. ಬಣ್ಣವನ್ನೇ ನೋಡಿ ಹೇಳುವ ಪರೀಕ್ಷೆಯಲ್ಲಿ, ಬಣ್ಣ ಕೊಡುವ ಸಿಪ್ಪೆಯನ್ನೇ ಹಾಕಿ, ಸಾಕ್ಷಿ ತುಂಡು ಅದ್ದುವುದನ್ನು ಬಿಟ್ಟೆ. ಊರಿನವರೆಲ್ಲ ಮಾಡಬಹುದಾದ ತಪ್ಪು ಇದಲ್ಲ, ನಾನೊಬ್ಬಳು ಮಾಡಬಾರದಾಗಿದ್ದ ತಪ್ಪು.

ಬರಹ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ನೀನು ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿ ಬಂದ ಮರುವರ್ಷ ಅದು. ದಿನಪತ್ರಿಕೆಯವರು ನನ್ನ ಫೋಟೊ ಹಾಕಿ, ಹೃದಯಕ್ಕೆ ಈರುಳ್ಳಿ ಸಿಪ್ಪೆ ರಕ್ಷೆ ಎಂದು ದಪ್ಪಕ್ಷರದಲ್ಲಿ ಬರೆದರು. ತಟ್ಟೆಯ ಕೋಶದ ಮಾತು ಹೇಳಿದರೆ ಮನುಷ್ಯರ ಹೃದಯದ ಮಾತಾಗಿ ಅಚ್ಚಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ, ಹಾಗೆ. ನಾನೂ ತಿದ್ದುವುದಕ್ಕೆ ಹೋಗಲಿಲ್ಲ, ಏಕೆಂದರೆ ನೀನು ಅದನ್ನು ಕತ್ತರಿಸಿ ನಿನ್ನ ಬಣ್ಣದ ಪಟ್ಟಿಯ ಪುಸ್ತಕದಲ್ಲಿ, ಹಳದಿಯ ಪುಟದ ಮೇಲೆ ಅಂಟಿಸಿದ್ದೀಯ ಎಂದು ಅಮ್ಮ ಹೇಳಿದ್ದಳು. ಔಷಧಿ ಅಂಗಡಿಯವರಿಗೂ ತೋರಿಸಿ ಬಂದೆಯಂತೆ. ಫೋನಿನಲ್ಲಿ ನೀನು, "ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಮಾಡ್ದೋನು ನಮ್ಮನೆ ಹಿತ್ತಲಿಗೆ ಬಂದಿರ್ಲಿಲ್ಲ" ಎಂದು ನಕ್ಕೆ. ಹಂಡೆಗಳು ಹೋದ ಮೇಲೆ ನೀನು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಆ ನಗುವಿಗೆ ಅಡ್ಡ ಬರುವುದು ನನ್ನಿಂದ ಆಗಲಿಲ್ಲ. ನೀನು ಆಗಲೇ ಸಣ್ಣ ಪಾತ್ರೆಯಲ್ಲಿ ಸಿಪ್ಪೆ ಕುದಿಸಿ ದಿನಾ ಒಂದು ಲೋಟ ಕುಡಿಯಲು ಶುರು ಮಾಡಿದ್ದೆ ಎನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ಕೋಶಗಳನ್ನು ಬೆಚ್ಚಗೆ ಇಡುವ ಪೆಟ್ಟಿಗೆ ಎರಡು ದಿನ ರಜೆಯಲ್ಲಿ ಕೆಟ್ಟು ನಿಂತಿತ್ತು. ನಾನು ಸೋಮವಾರ ಬೆಳಿಗ್ಗೆ ನೋಡದೆ ತಟ್ಟೆ ತೆಗೆದು ಪರೀಕ್ಷೆಯ ಬಣ್ಣ ಹಾಕಿಬಿಟ್ಟೆ. ಆಮೇಲೆ ಪೆಟ್ಟಿಗೆ ತಣ್ಣಗಿರುವುದು ತಿಳಿಯಿತು. ತಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಒಂದು ಕೋಶವೂ ಬದುಕಿರಲಿಲ್ಲ. ಬಿಸಾಡಬೇಕು ಎಂದು ಪಕ್ಕಕ್ಕಿಟ್ಟು ಚಹಾ ಕುಡಿದು ಬಂದೆ. ವಾಪಸ್ ಬಂದು ನೋಡಿದರೆ, ಪುಡಿ ಇಲ್ಲದ ಗುಳಿಗಳು ಹಾಗೇ ಇದ್ದವು, ಪುಡಿ ಇದ್ದ ಗುಳಿಗಳು ನೇರಳೆಯಾಗಿದ್ದವು. ಸತ್ತವರೆಲ್ಲ ಹಾಜರಿ ಹೇಳಿದ ಹಾಗೆ.

ಆಮೇಲೆ ಕೋಶವೇ ಇಲ್ಲದೆ ನಾಲ್ಕು ಸಲ ಮಾಡಿದೆ. ನಾಲ್ಕೂ ಸಲ ನೇರಳೆ. ಪುಡಿ ಯಾರನ್ನೂ ಬದುಕಿಸಿರಲಿಲ್ಲ, ಪರೀಕ್ಷೆಯ ಬಣ್ಣವನ್ನು ತಾನೇ ತಿರುಗಿಸುತ್ತಿತ್ತು. ದೊಡ್ಡ ಸರ್ ಹತ್ತಿರ ಹೋದೆ. ನೋಡೋಣ ಎಂದರು. ಮರುವಾರವೂ ನೋಡೋಣ, ಅದರ ಮರುವಾರವೂ ನೋಡೋಣ. ಅವರ ನೋಡೋಣಕ್ಕೆ ಕಣ್ಣಿಲ್ಲ. ಕೊನೆಗೆ ಹೋದ ವಾರ ಬರಹವನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ನಾನೇ ಆ ವಿಜ್ಞಾನ ಪತ್ರಿಕೆಗೆ ಬರೆದೆ. ಈಗ ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಅದು ಇರಲಿ.

ಇರಬಾರದ್ದು ಇನ್ನೊಂದು ಇದೆ, ಅದನ್ನು ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ನೀನು ಮಾತ್ರೆ ನಿಲ್ಲಿಸುವುದಕ್ಕೆ ಹದಿನೈದು ದಿನ ಮುಂಚೆಯೇ ನನಗೆ ಇದೆಲ್ಲ ಗೊತ್ತಿತ್ತು. ಆ ಹದಿನೈದು ದಿನದಲ್ಲಿ ನಿನ್ನ ಜೊತೆ ಎರಡು ಸಲ ಮಾತಾಡಿದೆ. ಹವೆಯ ಬಗ್ಗೆ, ಅಮ್ಮನ ಮಂಡಿನೋವಿನ ಬಗ್ಗೆ. ಅಪ್ಪ, ನಿನ್ನ ಹಳದಿ ಸುಳ್ಳಾಯಿತು ಎಂದು ಹೇಳಲು ಬಾಯಿ ಬರಲಿಲ್ಲ. ಅದೊಂದು ಮಾತು ಅವತ್ತು ಆಡಿದ್ದರೆ ಆ ಸ್ಟ್ರಿಪ್ಪುಗಳು ಡಬ್ಬಿ ಸೇರುತ್ತಿರಲಿಲ್ಲವೇನೋ. ನಿನ್ನ ಮೇಲಿನ ನನ್ನ ಕೋಪದಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಮೇಲಿನದು, ಹಂಚಿಕೊಳ್ಳಲು ಇಬ್ಬರೇ ಇರುವುದರಿಂದ ನಿನ್ನ ಪಾಲಿಗೂ ಬರುತ್ತಿದೆ.

ಹಾಗಾದರೆ ಆ ಹಳದಿಯಲ್ಲಿ ಏನೂ ಇಲ್ಲವೇ ಎಂದು ಕೇಳುತ್ತೀಯ. ಗೊತ್ತಿಲ್ಲ. ಇರಲೂಬಹುದು. ಊತ ಇಳಿಸುವುದಕ್ಕೆ, ರಕ್ತನಾಳಗಳಿಗೆ ಎಂದು ಬೇರೆ ಬೇರೆ ಕಡೆ ಒಳ್ಳೆಯ ಜನ ಹುಡುಕುತ್ತಲೇ ಇದ್ದಾರೆ. ಹುಡುಕುವುದು ಬೇರೆ, ಸಿಕ್ಕುವುದು ಬೇರೆ. ಕುಡಿದದ್ದರಲ್ಲಿ ಎಷ್ಟು ಹೊಟ್ಟೆಯಿಂದ ರಕ್ತಕ್ಕೆ ಸೇರುತ್ತದೆ, ಸೇರಿದ್ದು ಎಷ್ಟು ಹೊತ್ತು ಉಳಿಯುತ್ತದೆ ಎನ್ನುವುದೇ ಒಂದು ದೊಡ್ಡ ತಕರಾರು. ಇದೆ ಎಂದು ಹೇಳುವ ಹಕ್ಕು ಸದ್ಯಕ್ಕೆ ನನಗಿಲ್ಲ. ನಿನ್ನ ಮೂರು ಮಾತ್ರೆಗಳನ್ನು ಮಾತ್ರ ತಟ್ಟೆಯ ಕೋಶಗಳ ಮೇಲಲ್ಲ, ನಿನ್ನಂಥ ಸಾವಿರಾರು ಅಪ್ಪಂದಿರ ಮೇಲೆ ನೋಡಿದ್ದಾರೆ. ಆ ಮಾತ್ರೆಗಳಿಂದ ಕೆಮ್ಮು ಬರುತ್ತದೆ ಎಂಬುದೇ ನಿನ್ನ ತಕರಾರಾದರೆ ಡಾಕ್ಟರು ಮಾತ್ರೆ ಬದಲಿಸಿಕೊಡುತ್ತಾರೆ. ಕೇಳಬೇಕು, ಅಷ್ಟೇ. ಕೇಳದೆ ಡಬ್ಬಿಯಲ್ಲಿ ಜೋಡಿಸಿಟ್ಟರೆ ಅವರಿಗೆ ಕನಸು ಬೀಳುತ್ತದೆಯೇ?

ನನ್ನ ಮಾತು ನಂಬಬೇಡ. ಅದಕ್ಕೇ ಈ ಪತ್ರದ ಜೊತೆ ಒಂದು ಪೊಟ್ಟಣ ಇಟ್ಟಿದ್ದೇನೆ. ಅದರಲ್ಲಿ ಹೆಬ್ಬೆರಳಿನಗಲದ ಎಂಟು ನೇರಳೆ ತುಂಡುಗಳಿವೆ, ಕೋರಾ ಬಟ್ಟೆಯವೇ, ನೀನು ಹೇಳಿಕೊಟ್ಟ ಹಾಗೆ ಗಂಜಿ ತೆಗೆದು ಅದ್ದಿದ್ದು. ನಾಲ್ಕು ತುಂಡು ಪುಡಿಯೇ ಇಲ್ಲದ, ಆರೋಗ್ಯವಾಗಿದ್ದ ಜೀವಂತ ಕೋಶಗಳ ಗುಳಿಯಿಂದ ಬಂದ ನೇರಳೆ. ಇನ್ನು ನಾಲ್ಕು ಕೋಶವೇ ಇಲ್ಲದ, ಬರೀ ಸಿಪ್ಪೆಯ ಪುಡಿ ಮಾಡಿದ ನೇರಳೆ. ನಾನಿಲ್ಲದಾಗ ನನ್ನ ಪಕ್ಕದ ಮೇಜಿನವಳು ಅವನ್ನು ಕಲೆಸಿ, ಹಿಂದೆ ಪೆನ್ಸಿಲಿನಲ್ಲಿ ಒಂದರಿಂದ ಎಂಟು ಎಂದು ಬರೆದು, ಯಾವುದು ಯಾವುದು ಎನ್ನುವ ಚೀಟಿಯನ್ನು ಲಕೋಟೆಯಲ್ಲಿ ಅಂಟಿಸಿ ತನ್ನ ಹತ್ತಿರವೇ ಇಟ್ಟುಕೊಂಡಿದ್ದಾಳೆ. ನನಗೂ ಗೊತ್ತಿಲ್ಲ. ನೋಡಿದೆ, ನನ್ನ ಕಣ್ಣಿಗೆ ತಿಳಿಯಲಿಲ್ಲ. ಮಶೀನಿಗೂ ತಿಳಿಯಲಿಲ್ಲ. ಹಳದಿಯ ಕಲೆ ಉಳಿಯದ ಹಾಗೆ ತೊಳೆದಿದ್ದೇನೆ, ಮೂಗಿಗೆ ಹಿಡಿದು ಮೋಸ ಮಾಡಲು ನೋಡಬೇಡ, ಈರುಳ್ಳಿ ವಾಸನೆ ಬರುವುದಿಲ್ಲ.

ಬೆಳಿಗ್ಗೆ ಉತ್ತರದ ಕಿಟಕಿಗೆ ಹಿಡಿದು ನೋಡು. ಕಿಟಕಿ ಕೆಳಗಿನ ಕೋಣೆಯಲ್ಲೂ ಇದೆ, ಅದಕ್ಕಾಗಿ ಮೆಟ್ಟಿಲು ಹತ್ತಬೇಡ. ಜೀವದ ನೇರಳೆ ಯಾವ ನಾಲ್ಕು ಎಂದು ನನಗೆ ಹೇಳು. ಒಂದು ತಪ್ಪಿದರೂ ನೀನು ಆ ಲೋಟ ಕೆಳಗಿಟ್ಟು ಮಾತ್ರೆ ಕೈಗೆ ತೆಗೆದುಕೊಳ್ಳಬೇಕು, ಅವತ್ತೇ ಅಮ್ಮನ ಜೊತೆ ಡಾಕ್ಟರ ಹತ್ತಿರ ಹೋಗಬೇಕು, ಎಷ್ಟು ದಿನ ಬಿಟ್ಟಿದ್ದೆ ಎಂದು ನಾಚಿಕೆಯಿಲ್ಲದೆ ಹೇಳಬೇಕು. ಕಣ್ಣು ಮುಚ್ಚಿ ಆರಿಸಿದರೂ ಎಪ್ಪತ್ತು ಸಲದಲ್ಲಿ ಒಂದು ಸಲ ನೀನು ಗೆಲ್ಲಬಹುದು. ಗೆದ್ದರೆ ನಾನು ಇನ್ನೂ ಎಂಟು ತುಂಡು ಕಳಿಸುತ್ತೇನೆ. ನನಗೆ ಚೌಕಾಸಿ ಎಂದು ಹೆಸರಿಟ್ಟವನು ನೀನೇ, ಈಗ ಅನುಭವಿಸು. ತುಂಡು ನೋಡುವುದಕ್ಕೆ ಪುರುಸೊತ್ತಿಲ್ಲ ಎಂದಾದರೆ ಮೊದಲು ಡಾಕ್ಟರು, ಆಮೇಲೆ ತುಂಡು. ಅದಕ್ಕೂ ನನ್ನ ಒಪ್ಪಿಗೆ ಇದೆ.

ನೀನು ನೋಡುತ್ತೀಯ ಎಂದು ನನಗೆ ಗೊತ್ತು. ಬಣ್ಣದ ತುಂಡು ಕೈಗೆ ಕೊಟ್ಟರೆ ನೋಡದೆ ಇರುವ ಶಕ್ತಿ ನಿನಗಿಲ್ಲ. ಮತ್ತೆ ನಿನ್ನ ಕಣ್ಣು ನಿನಗೆ ಸುಳ್ಳು ಹೇಳುವುದಿಲ್ಲ, ಮಗಳು ಮರ್ಯಾದೆ ಕಳೆದುಕೊಂಡರೂ ಪರವಾಗಿಲ್ಲ ಎಂದು ನಿಜವನ್ನೇ ಹೇಳುತ್ತದೆ. ಆ ಪತ್ರಿಕೆಯ ತುಣುಕನ್ನು ಪಟ್ಟಿಯಿಂದ ಕಿತ್ತುಹಾಕು ಅಪ್ಪ. ಕೆಳಗಿರುವ ಹಳದಿಗೆ ಅದರ ಅವಶ್ಯಕತೆ ಇಲ್ಲ. ಅದು ಬಟ್ಟೆಗೆ ಬಣ್ಣವಾಗಿಯೇ ಸಾಕಷ್ಟು ಒಳ್ಳೆಯದಿತ್ತು, ಅದನ್ನು ಔಷಧಿ ಮಾಡಲು ಹೊರಟವಳು ನಾನು. ನೀನು ಯಾವತ್ತೂ ಕೇಳಿರಲಿಲ್ಲ.

ಅಪ್ಪಂದಿರಿಗೆ ಮಕ್ಕಳು ಆಶೀರ್ವಾದ ಮಾಡುವ ಹಾಗಿಲ್ಲವಂತೆ. ಈ ಒಂದು ಸಲ ಮಾಡುತ್ತೇನೆ, ಹಿರಿಯರು ಬೈದುಕೊಳ್ಳಲಿ. ಉಸಿರು ತುಂಬಿ ಬರಲಿ, ಪಾದದ ಊತ ಇಳಿಯಲಿ, ಆರನೇ ಮೆಟ್ಟಿಲು ದಾಟಿ ಮೇಲೆ ಹೋಗಿ ನನ್ನ ಮೇಲೆ ಕೂಗಾಡುವಷ್ಟು ಗಟ್ಟಿಯಾಗು. ಬೇಕಾದಷ್ಟು ಕೂಗಾಡು, ನಾನು ಫೋನ್ ಇಡುವುದಿಲ್ಲ.

ಪೊಟ್ಟಣದ ತಳದಲ್ಲಿ ಒಂಬತ್ತನೆಯ ತುಂಡೂ ಇದೆ, ಅದಕ್ಕೆ ನಂಬರ್ ಹಾಕಿಲ್ಲ. ಕೋಶವೂ ಇಲ್ಲದ, ಪುಡಿಯೂ ಇಲ್ಲದ, ಬರೀ ಪರೀಕ್ಷೆಯ ಬಣ್ಣದಲ್ಲಿ ಅದ್ದಿ ತೊಳೆದದ್ದು. ಬೆಳ್ಳಗೆ ಬಂದಿದೆ. ಹಂಡೆನ ಕೇಳಿದೆ ಅಪ್ಪ, ಎರಡು ವರ್ಷ ತಡವಾಗಿ ಕೇಳಿದೆ. ನೀನು ತಡ ಮಾಡಬೇಡ.

ಇಂತಿ ನಿನ್ನ,
ಚೌಕಾಸಿ